ನಲವತ್ತು ಹರ್ಟ್ಜ್ ದೀಪವೂ ಕೊಡಗಿನ ಮಳೆಗಾಲವೂ

"ಅತ್ತೆ, ಅಜ್ಜಿಗೆ ಇದನ್ನು ತರಿಸೋಣವೇ?" ಎಂಬ ಪ್ರಶ್ನೆಯೊಂದಿಗೆ ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ಈಚೆಗೆ ಒಂದು ಜಾಹೀರಾತನ್ನು ಕಳುಹಿಸಿದ್ದನು. ಮೇಜಿನ ಮೇಲಿಡುವ ಒಂದು ಪುಟ್ಟ ದೀಪ; ದಿನಕ್ಕೆ ಒಂದು ಗಂಟೆ ಅದರ ಮುಂದೆ ಕುಳಿತರೆ ಆಲ್ಝೈಮರ್ ಕಾಯಿಲೆಯವರ ನೆನಪು ಮರಳುತ್ತದೆ, ನಿದ್ರೆ ಸುಧಾರಿಸುತ್ತದೆ, ಮಿದುಳಿನ ಜೀವಕೋಶಗಳಿಗೆ ಹೊಸ ಚೈತನ್ಯ ಬರುತ್ತದೆ ಎಂದು ಅದರಲ್ಲಿ ಬರೆದಿತ್ತು. ಅವ್ವನಿಗೆ ಈ ಕಾಯಿಲೆಯೆಂದು ಮೈಸೂರಿನ ನರರೋಗ ತಜ್ಞರು ಹೇಳಿದಂದಿನಿಂದ ಬಂಧುಗಳು ಕಳುಹಿಸುವ ಇಂತಹ ಸಲಹೆಗಳನ್ನು ನಾನು ಸಾಮಾನ್ಯವಾಗಿ ಓದಿ ಸುಮ್ಮನಾಗುತ್ತೇನೆ. ಆದರೆ ನಿವೃತ್ತಿಯವರೆಗೂ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವಳಾದ್ದರಿಂದ, ಆ ಜಾಹೀರಾತಿನ ಮೂಲೆಯಲ್ಲಿದ್ದ "40 ಹರ್ಟ್ಜ್" (ಸೆಕೆಂಡಿಗೆ 40 ಬಾರಿ) ಎಂಬ ಸಂಖ್ಯೆಯನ್ನು ಬಿಟ್ಟುಬಿಡಲು ನನ್ನಿಂದಾಗಲಿಲ್ಲ. ಅವನಿಗೆ ಫೋನಿನಲ್ಲಿ ಹೇಳಿದ ಉತ್ತರವನ್ನೇ ಇಲ್ಲಿ ತುಸು ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇದೇ ಪ್ರಶ್ನೆ ನಮ್ಮ ಜಿಲ್ಲೆಯ ಇನ್ನೂ ಹಲವು ಮನೆಗಳಲ್ಲಿ ಎದ್ದಿರಬಹುದು. ಮಕ್ಕಳು ಹೊರ ಊರುಗಳಲ್ಲಿ, ವಯಸ್ಸಾದವರು ತೋಟದ ಮನೆಗಳಲ್ಲಿ ಎಂಬುದು ಇಲ್ಲಿ ಸಾಮಾನ್ಯ ಸ್ಥಿತಿ. ದೇಶದ ಮಟ್ಟದಲ್ಲಿ ನಡೆದ ಸಮೀಕ್ಷೆಯೊಂದರ ಅಂದಾಜಿನಂತೆ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ, ಒಂದಲ್ಲ ಒಂದು ಬಗೆಯ ಡಿಮೆನ್ಷಿಯಾದೊಡನೆ (ಆಲ್ಝೈಮರ್‌ನಂತಹ ಮರೆವಿನ ಕಾಯಿಲೆಯೊಡನೆ) ಬದುಕುತ್ತಿದ್ದಾರೆ.

ಆ ಜಾಹೀರಾತು ಮಾಡಿದ್ದ ಚಾತುರ್ಯವೆಂದರೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಸಂಶೋಧನೆಗಳ ಭರವಸೆಗಳನ್ನು ಒಂದೇ ದೀಪದ ತಲೆಗೆ ಕಟ್ಟಿದ್ದು. ಸೆಕೆಂಡಿಗೆ ನಲವತ್ತು ಬಾರಿ ಮಿನುಗುವ ಬೆಳಕು ಒಂದು. ತಲೆಬುರುಡೆಯ ಮೂಲಕ ಹಾಯಿಸುವ ಕೆಂಪು ಮತ್ತು ಅವಕೆಂಪು (ಇನ್‌ಫ್ರಾರೆಡ್) ಬೆಳಕು ಇನ್ನೊಂದು. ಹಗಲಿನ ಹೊತ್ತು ಕಣ್ಣಿಗೆ ಸಾಕಷ್ಟು ಪ್ರಖರ ಬೆಳಕು ಬೀಳುವಂತೆ ನೋಡಿಕೊಳ್ಳುವುದು ಮತ್ತೊಂದು. ಇವು ಕೆಲಸ ಮಾಡುತ್ತವೆಂದು ಹೇಳಲಾಗುವ ರೀತಿಗಳು ಬೇರೆ, ಅವುಗಳ ಹಿಂದಿರುವ ಪುರಾವೆಯ ತೂಕವೂ ಬೇರೆ.

ಮಿನುಗುವ ಬೆಳಕಿನ ವಿಚಾರ ಇವುಗಳಲ್ಲೆಲ್ಲ ಹೆಚ್ಚು ಕುತೂಹಲಕಾರಿಯಾದದ್ದು. ಮಿದುಳಿನ ನರಕೋಶಗಳು ಗುಂಪುಗುಂಪಾಗಿ ಒಂದೇ ತಾಳದಲ್ಲಿ ಕೆಲಸ ಮಾಡುವಾಗ ಹುಟ್ಟುವ ವಿದ್ಯುತ್ ಏರಿಳಿತಗಳಲ್ಲಿ ಸೆಕೆಂಡಿಗೆ ಸುಮಾರು 30ರಿಂದ 80 ಬಾರಿ ಮರುಕಳಿಸುವವನ್ನು ಗಾಮಾ ಅಲೆಗಳೆನ್ನುತ್ತಾರೆ. ಗಮನವಿಟ್ಟು ನೋಡುವುದು, ನೆನಪನ್ನು ಕೂಡಿಸಿಕೊಳ್ಳುವುದು ಮೊದಲಾದ ಕ್ರಿಯೆಗಳ ಜೊತೆಗೆ ಇವು ಕಾಣಿಸಿಕೊಳ್ಳುತ್ತವೆ. ಅಮೆರಿಕದ ಎಂಐಟಿಯಲ್ಲಿರುವ ಲೀ-ಹುಯೆ ತ್ಸಾಯ್ ಅವರ ತಂಡವು 2016ರ ಡಿಸೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ ಈ ಅಲೆಗಳು ಚಿಕಿತ್ಸೆಯ ಚರ್ಚೆಗೆ ಬಂದವು. ಆಲ್ಝೈಮರ್‌ಗೆ ಕಾರಣವಾಗುವ ಮಾನವ ಜೀನುಗಳನ್ನು ಸೇರಿಸಿ ಬೆಳೆಸಿದ ಇಲಿಗಳನ್ನು ಸೆಕೆಂಡಿಗೆ 40 ಬಾರಿ ಮಿನುಗುವ ಎಲ್‌ಇಡಿ ಬೆಳಕಿನೆದುರು ಒಂದು ಗಂಟೆ ಇರಿಸಿದಾಗ, ಅವುಗಳ ಮಿದುಳಿನಲ್ಲಿ ದೃಷ್ಟಿಯನ್ನು ನೋಡಿಕೊಳ್ಳುವ ಭಾಗದಲ್ಲಿ ಈ ಕಾಯಿಲೆಯಲ್ಲಿ ಕೂಡಿಕೊಳ್ಳುವ ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಕಸವನ್ನು ಕಬಳಿಸುವ ಮೈಕ್ರೋಗ್ಲಿಯಾ ಕೋಶಗಳ ಗಾತ್ರ ಮತ್ತು ನಡವಳಿಕೆಯೂ ಬದಲಾಗಿದ್ದವು. ಬೇರೆ ವೇಗದಲ್ಲಿ ಮಿನುಗಿಸಿದರೆ, ಅಥವಾ ಲಯವಿಲ್ಲದೆ ಮಿನುಗಿಸಿದರೆ, ಈ ಪರಿಣಾಮ ಕಾಣಲಿಲ್ಲ. ಅದೇ ಲೇಖನದಲ್ಲಿ ಇನ್ನೊಂದು ಮಾತೂ ಇದೆ, ಜಾಹೀರಾತು ಬರೆಯುವವರು ಅದನ್ನು ಎಂದೂ ಹೇಳುವುದಿಲ್ಲ: ಒಂದು ಗಂಟೆಯ ಬೆಳಕಿನಿಂದ ಇಳಿದ ಪ್ರಮಾಣವು ಒಂದು ದಿನ ಕಳೆಯುವಷ್ಟರಲ್ಲಿ ಮತ್ತೆ ಮೊದಲಿನ ಮಟ್ಟಕ್ಕೇ ಬಂದಿತ್ತು. ಪ್ರತಿದಿನವೂ ಒಂದು ಗಂಟೆಯಂತೆ ಒಂದು ವಾರ ಮುಂದುವರಿಸಿದ ಪ್ರಯೋಗದಲ್ಲಿ ಮಾತ್ರ ಅಮಿಲಾಯ್ಡ್ ಗಡ್ಡೆಗಳು ಕಡಿಮೆಯಾದುದು ಕಂಡುಬಂದಿತು.

ಬೆಳಕಿನ ಪರಿಣಾಮ ದೃಷ್ಟಿಯ ಭಾಗಕ್ಕಷ್ಟೇ ಸೀಮಿತವಾದರೆ ನೆನಪಿಗೆ ಅದರಿಂದ ಪ್ರಯೋಜನವೇನು ಎಂಬ ಪ್ರಶ್ನೆ ಸಹಜವಾಗಿತ್ತು. ಅದಕ್ಕೆ ಅದೇ ತಂಡವು 2019ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಉತ್ತರ ಕೊಡಲು ಯತ್ನಿಸಿತು: ಅದೇ ವೇಗದ ಟಕಟಕ ಸದ್ದನ್ನು ಕೇಳಿಸಿದಾಗ ನೆನಪಿನ ಕೇಂದ್ರವಾದ ಹಿಪ್ಪೋಕ್ಯಾಂಪಸ್‌ನಲ್ಲೂ, ಸದ್ದಿನ ಜೊತೆಗೆ ಬೆಳಕನ್ನೂ ಸೇರಿಸಿದಾಗ ಮಿದುಳಿನ ಇನ್ನೂ ವಿಶಾಲವಾದ ಭಾಗಗಳಲ್ಲೂ ಬದಲಾವಣೆಗಳು ಕಂಡವೆಂದು ಅವರು ವರದಿ ಮಾಡಿದರು. 2024ರಲ್ಲಿ ಮತ್ತೊಂದು ಲೇಖನ ಬಂದು, ಈ ಪ್ರಚೋದನೆಯಿಂದ ಮಿದುಳಿನ ಸುತ್ತಲಿನ ದ್ರವದ ಹರಿವು ಹೆಚ್ಚಿ, ಅಮಿಲಾಯ್ಡ್ ಅದರೊಡನೆ ತೊಳೆದುಹೋಗುತ್ತದೆ ಎಂಬ ವಿವರಣೆಯನ್ನು ಮುಂದಿಟ್ಟಿತು.

ಇಷ್ಟೇ ಓದಿದರೆ ದೀಪವನ್ನು ತರಿಸಿಬಿಡೋಣವೆನಿಸುತ್ತದೆ. ಆದರೆ 2023ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ಯೋರ್ಗಿ ಬುಜಾಕಿ ಅವರ ತಂಡವು 'ನೇಚರ್ ನ್ಯೂರೋಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶವನ್ನೂ ಜೊತೆಗಿಟ್ಟು ಓದಬೇಕು. ಗಾಮಾ ಅಲೆಗಳ ಅಧ್ಯಯನದಲ್ಲಿಯೇ ಜೀವಮಾನ ಕಳೆದವರು ಅವರು. ಇಲಿಗಳ ಮೇಲೆ ಅದೇ ಬಗೆಯ ಪ್ರಯೋಗ ಮಾಡಿದಾಗ ಅಮಿಲಾಯ್ಡ್ ಕಡಿಮೆಯಾದುದಾಗಲಿ, ಮೈಕ್ರೋಗ್ಲಿಯಾ ನಂಬಲರ್ಹವಾಗಿ ಬದಲಾದುದಾಗಲಿ ಅವರಿಗೆ ಕಾಣಲಿಲ್ಲ. ಮಿನುಗುವ ಬೆಳಕಿಗೆ ದೃಷ್ಟಿಯ ಭಾಗದ ಕೋಶಗಳು ಪ್ರತಿಕ್ರಿಯಿಸುವುದು ನಿಜವಾದರೂ, ಮಿದುಳು ತಾನಾಗಿ ಹುಟ್ಟಿಸುವ ಗಾಮಾ ಅಲೆಯನ್ನು ಅದು ತನ್ನ ತಾಳಕ್ಕೆ ಕುಣಿಸುವುದಿಲ್ಲ ಎಂಬುದು ಅವರ ತೀರ್ಮಾನವಾಗಿತ್ತು. ಮೊದಲ ತಂಡದವರು ಇದನ್ನು ಒಪ್ಪಿಲ್ಲ. ಪ್ರಯೋಗದ ವಿಧಾನದಲ್ಲಿರುವ ವ್ಯತ್ಯಾಸಗಳ ಕುರಿತು ವಾದ ನಡೆದಿದೆ. ಎರಡು ಸಮರ್ಥ ಪ್ರಯೋಗಾಲಯಗಳು ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಟ್ಟಿರುವಾಗ, ಮೂರನೆಯವರಾದ ವ್ಯಾಪಾರಿಗಳು ಅದನ್ನು ಸಾಬೀತಾದ ಚಿಕಿತ್ಸೆಯೆಂದು ಮಾರುವುದು ನನಗೆ ಸರಿಯೆನಿಸುವುದಿಲ್ಲ.

ಗಾಮಾ ಅಲೆಗಳಿಗೂ ಈ ಕಾಯಿಲೆಗೂ ನಂಟೇ ಇಲ್ಲವೆಂದು ಇದರ ಅರ್ಥವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಅವರ ತಂಡವು ವಯಸ್ಸಾದವರಿಗೆ ಪರದೆಯ ಮೇಲೆ ಕಪ್ಪು ಬಿಳುಪಿನ ಪಟ್ಟೆಗಳನ್ನು ತೋರಿಸಿ, ತಲೆಯ ಮೇಲೆ ಇಟ್ಟ ಇಇಜಿ ತಂತಿಗಳಿಂದ ಗಾಮಾ ಅಲೆಗಳನ್ನು ಅಳೆದಿದೆ. ಸೌಮ್ಯ ಮರೆವು ಅಥವಾ ಆರಂಭದ ಹಂತದ ಆಲ್ಝೈಮರ್ ಇರುವವರಲ್ಲಿ ಈ ಅಲೆಗಳು, ಅದೇ ವಯಸ್ಸಿನ ಆರೋಗ್ಯವಂತರಲ್ಲಿರುವುದಕ್ಕಿಂತ ದುರ್ಬಲವಾಗಿರುತ್ತವೆಂದು ಅವರು 2021ರಲ್ಲಿ ಪ್ರಕಟಿಸಿದರು. ಕಾಯಿಲೆಯನ್ನು ಬೇಗನೆ ಗುರುತಿಸಲು ಇದು ನೆರವಾಗಬಹುದು. ಆದರೆ ಕ್ಷೀಣಿಸಿದ ಅಲೆಯನ್ನು ಹೊರಗಿನಿಂದ ತಳ್ಳಿ ಎಬ್ಬಿಸಿದರೆ ಕಾಯಿಲೆ ವಾಸಿಯಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಜ್ವರ ಬಂದವರ ಥರ್ಮಾಮೀಟರನ್ನು ಕೊಡವಿದರೆ ಪಾದರಸ ಇಳಿಯುತ್ತದೆ, ಜ್ವರ ಇಳಿಯುವುದಿಲ್ಲ.

ಮನುಷ್ಯರ ಮೇಲಿನ ಪ್ರಯೋಗಗಳ ಕಡೆಗೆ ಬಂದರೆ, ಎಂಐಟಿ ತಂಡವು 2022ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನದಲ್ಲಿ ಸೌಮ್ಯ ಹಂತದ 15 ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮೂರು ತಿಂಗಳು ಮನೆಯಲ್ಲಿಯೇ ದಿನಕ್ಕೊಂದು ಗಂಟೆ ಬೆಳಕು ಮತ್ತು ಸದ್ದಿನ ಪ್ರಚೋದನೆ ಪಡೆದರು, ಉಳಿದವರಿಗೆ ಹೋಲಿಕೆಗಾಗಿ ಹುಸಿ ಪ್ರಚೋದನೆ ಕೊಡಲಾಗಿತ್ತು. ಅದರಿಂದ ಗಂಭೀರ ತೊಂದರೆಯಾಗಲಿಲ್ಲ, ಕೆಲವು ಅಳತೆಗಳಲ್ಲಿ ಆಶಾದಾಯಕ ಸೂಚನೆಗಳೂ ಕಂಡವು. ಈ ತಂತ್ರವನ್ನು ಕನ್ನಡಕದಂತಹ ಸಾಧನವಾಗಿ ರೂಪಿಸಿರುವ ಕಾಗ್ನಿಟೊ ಎಂಬ ಕಂಪನಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2021ರಲ್ಲಿ 'ಬ್ರೇಕ್‌ಥ್ರೂ' ಸಾಧನವೆಂಬ ಮಾನ್ಯತೆ ಕೊಟ್ಟಿತು. ಇದು ಮಾರಾಟದ ಅನುಮತಿಯಲ್ಲ. ಪರಿಶೀಲನೆಯನ್ನು ಚುರುಕುಗೊಳಿಸುವ ಒಂದು ವ್ಯವಸ್ಥೆ ಮಾತ್ರ. ಆ ಕಂಪನಿಯ ಆರು ತಿಂಗಳ ಪ್ರಯೋಗದ ವರದಿ 2024ರಲ್ಲಿ ಹೊರಬಂದಿತು. ರೋಗದ ಏರಿಕೆಯನ್ನು ಅಳೆಯಲು ಅವರೇ ಮುಖ್ಯವೆಂದು ಆಯ್ದುಕೊಂಡಿದ್ದ ಮಾನದಂಡಗಳಲ್ಲಿ ನಿಜವಾದ ಚಿಕಿತ್ಸೆಗೂ ಹುಸಿ ಚಿಕಿತ್ಸೆಗೂ ನಡುವೆ ಖಚಿತ ವ್ಯತ್ಯಾಸ ಸಿಗಲಿಲ್ಲ. ಆದರೆ ಊಟ, ಬಟ್ಟೆ, ಸ್ನಾನದಂತಹ ದಿನನಿತ್ಯದ ಕೆಲಸಗಳ ಸಾಮರ್ಥ್ಯ ಕುಸಿಯುವ ವೇಗ ಮತ್ತು ಮಿದುಳಿನ ಗಾತ್ರ ಕುಗ್ಗುವ ವೇಗ ಚಿಕಿತ್ಸೆ ಪಡೆದವರಲ್ಲಿ ಕಡಿಮೆಯಿತ್ತು. ಭಾಗವಹಿಸಿದವರು ನೂರಕ್ಕಿಂತ ಕಡಿಮೆ. ಆದ್ದರಿಂದಲೇ 600ಕ್ಕೂ ಹೆಚ್ಚು ಜನರನ್ನು ಒಳಗೊಂಡು ಒಂದು ವರ್ಷ ನಡೆಸುವ ದೊಡ್ಡ ಪ್ರಯೋಗವನ್ನು ಅವರು ಅಮೆರಿಕದಲ್ಲಿ ಕೈಗೊಂಡರು.

ಇಲ್ಲಿ ವಿಜ್ಞಾನ ಶಿಕ್ಷಕಿಯ ಒಂದು ಅಧಿಕಪ್ರಸಂಗ. ಸೆಕೆಂಡಿಗೆ 40 ಬಾರಿ ಎಂದರೆ ಒಂದು ಸುತ್ತಿಗೆ 25 ಮಿಲಿಸೆಕೆಂಡು, ಅದರಲ್ಲಿ ಅರ್ಧ ಹೊತ್ತಿರುವುದು, ಅರ್ಧ ಆರಿರುವುದು. ನಮ್ಮ ಮನೆಯ ವಿದ್ಯುತ್ 50 ಹರ್ಟ್ಜ್ ಆದ್ದರಿಂದ ಅಗ್ಗದ ಬಲ್ಬುಗಳು ಮಿನುಗಿದರೂ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಅವುಗಳಿಗೂ ಈ ಚಿಕಿತ್ಸೆಗೂ ಸಂಬಂಧವಿಲ್ಲ. ಮೊಬೈಲಿನಲ್ಲಿ ಉಚಿತವಾಗಿ ಸಿಗುವ "40 ಹರ್ಟ್ಜ್" ವಿಡಿಯೊಗಳನ್ನು ನನ್ನ ತಮ್ಮನ ಮಗ ಬದಲಿಯಾಗಿ ಸೂಚಿಸಿದನು. ಸಾಮಾನ್ಯ ಪರದೆಯೊಂದು ಸೆಕೆಂಡಿಗೆ 60 ಚಿತ್ರಗಳನ್ನು ಮಾತ್ರ ತೋರಿಸಬಲ್ಲದು. ನಲವತ್ತು ಸಮನಾದ ಮಿನುಗುಗಳಿಗೆ ಕನಿಷ್ಠ ಎಂಬತ್ತು ಚಿತ್ರಗಳಾದರೂ ಬೇಕು. ಅರವತ್ತರಲ್ಲಿ ಎಂಬತ್ತನ್ನು ತುರುಕುವುದು ಹೇಗೆಂದು ಕೇಳಿದಾಗ ಅವನು ನಕ್ಕು ಸುಮ್ಮನಾದನು. ಇದಕ್ಕಿಂತ ಗಂಭೀರವಾದ ಸಂಗತಿ ಅಪಸ್ಮಾರದ್ದು. ಮಿನುಗುವ ಬೆಳಕು ಕೆಲವರಲ್ಲಿ ಫಿಟ್ಸ್ ತರಿಸಬಲ್ಲದು. ಆಲ್ಝೈಮರ್ ಇರುವವರಿಗೆ ಫಿಟ್ಸ್ ಬರುವ ಸಾಧ್ಯತೆ ಇತರ ವೃದ್ಧರಿಗಿಂತ ಮೊದಲೇ ಹೆಚ್ಚು. ಪ್ರಯೋಗಗಳಲ್ಲಿ ಇಂತಹವರನ್ನು ಮೊದಲೇ ಪರೀಕ್ಷಿಸಿ ಹೊರಗಿಡುತ್ತಾರೆ. ಪಾರ್ಸೆಲ್‌ನಲ್ಲಿ ಬರುವ ದೀಪಕ್ಕೆ ಆ ವಿವೇಚನೆ ಇರುವುದಿಲ್ಲ.

ಅವಕೆಂಪು ಬೆಳಕಿನ ಶಿರಸ್ತ್ರಾಣಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1967ರಲ್ಲಿ ಹಂಗೇರಿಯ ಎಂಡ್ರೆ ಮೆಸ್ಟರ್ ಎಂಬ ವೈದ್ಯರು ದುರ್ಬಲ ಲೇಸರ್ ಬೆಳಕಿನಿಂದ ಇಲಿಗಳ ಬೋಳಿಸಿದ ಚರ್ಮದಲ್ಲಿ ಕೂದಲು ಬೇಗ ಬೆಳೆದುದನ್ನು ಕಂಡಂದಿನಿಂದ ಈ ಶಾಖೆ ಬೆಳೆಯುತ್ತ ಬಂದಿದೆ. ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿರುವ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವು ಈ ಬೆಳಕನ್ನು ಹೀರಿ ಹೆಚ್ಚು ಶಕ್ತಿ ಉತ್ಪಾದಿಸುತ್ತದೆಂಬುದು ಇದರ ಹಿಂದಿನ ವಾದ. ಚರ್ಮ ಮತ್ತು ತಲೆಬುರುಡೆಯನ್ನು ದಾಟಿ ಮಿದುಳಿಗೆ ತಲುಪುವುದು ಆ ಬೆಳಕಿನ ಅತ್ಯಲ್ಪ ಅಂಶ ಮಾತ್ರ. ಮರೆವಿನ ಕಾಯಿಲೆಯಲ್ಲಿ ಇದನ್ನು ಬಳಸಿ ಬಂದಿರುವ ವರದಿಗಳಲ್ಲಿ ಹೆಚ್ಚಿನವು ಬೆರಳೆಣಿಕೆಯ ರೋಗಿಗಳವು. ಬೆಲೆ ಮಾತ್ರ ಬೆರಳೆಣಿಕೆಯದಲ್ಲ.

ಇನ್ನು ಉಳಿದದ್ದು ಮಾಮೂಲು ಬೆಳಕು. ನಮ್ಮ ಮನೆಗೆ ಪ್ರಯೋಜನವಾದದ್ದು ಇದೇ, ಮತ್ತು ಇದರ ಬಗ್ಗೆ ಯಾರೂ ಜಾಹೀರಾತು ಕೊಡುವುದಿಲ್ಲ.

ಕಣ್ಣಿನ ಅಕ್ಷಿಪಟಲದಲ್ಲಿ ನೋಡುವುದಕ್ಕೆಂದಲ್ಲದೆ ಹಗಲು ರಾತ್ರಿಗಳ ಲೆಕ್ಕವಿಡುವುದಕ್ಕೆಂದೇ ಇರುವ ಒಂದು ಬಗೆಯ ಕೋಶಗಳಿವೆ. ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುವ ಇವು ಆಕಾಶನೀಲಿ ಬಣ್ಣದ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ ಮತ್ತು ಮಿದುಳಿನ ಆಳದಲ್ಲಿರುವ ಜೈವಿಕ ಗಡಿಯಾರಕ್ಕೆ ನೇರವಾಗಿ ಸುದ್ದಿ ಮುಟ್ಟಿಸುತ್ತವೆ. ಆಲ್ಝೈಮರ್ ಕಾಯಿಲೆಯಲ್ಲಿ ಈ ಕೋಶಗಳೂ ನಶಿಸುತ್ತವೆ, ಆ ಗಡಿಯಾರದ ಕೋಶಗಳೂ ನಶಿಸುತ್ತವೆ. ಸಾಲದೆಂಬಂತೆ ವಯಸ್ಸಾದವರ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನೇ ತಡೆಯುತ್ತದೆ, ಪಾಪೆಯೂ ಕಿರಿದಾಗುತ್ತದೆ. ಹಗಲೆಲ್ಲ ತೂಕಡಿಸುವುದು, ರಾತ್ರಿ ಎದ್ದು ಬಾಗಿಲು ಹುಡುಕುವುದು, ಸಂಜೆಯಾಗುತ್ತಲೇ ಚಡಪಡಿಸುವುದು, ಇವೆಲ್ಲಕ್ಕೆ ಕೆಟ್ಟ ಆ ಗಡಿಯಾರವೂ ಒಂದು ಕಾರಣ.

ನೆದರ್ಲೆಂಡ್ಸ್‌ನಲ್ಲಿ ನಡೆದು 2008ರಲ್ಲಿ 'ಜಾಮಾ' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಮುಖ್ಯವಾದುದು. 12 ವೃದ್ಧಾಶ್ರಮಗಳ 189 ನಿವಾಸಿಗಳು, ಅವರಲ್ಲಿ ಹೆಚ್ಚಿನವರು ಮರೆವಿನ ಕಾಯಿಲೆಯವರು. ಕೆಲವು ಆಶ್ರಮಗಳ ಹಜಾರದಲ್ಲಿ ಹಗಲಿಡೀ ಸುಮಾರು 1000 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ) ಬೆಳಕು ಬರುವಂತೆ ಛಾವಣಿಯಲ್ಲಿ ದೀಪ ಅಳವಡಿಸಿದರು, ಉಳಿದವುಗಳಲ್ಲಿ ಸುಮಾರು 300 ಲಕ್ಸ್. ಹೆಚ್ಚು ಬೆಳಕು ಪಡೆದವರಲ್ಲಿ ನೆನಪಿನ ಶಕ್ತಿಯ ಕುಸಿತ ಸ್ವಲ್ಪ ಕಡಿಮೆಯಾಯಿತು, 30 ಅಂಕಗಳ ಪರೀಕ್ಷೆಯಲ್ಲಿ ಈ ವ್ಯತ್ಯಾಸ ಒಂದು ಅಂಕಕ್ಕಿಂತಲೂ ತುಸು ಕಡಿಮೆ. ಖಿನ್ನತೆಯ ಲಕ್ಷಣಗಳು ಶೇ 19ರಷ್ಟು ತಗ್ಗಿದವು. ಅದೇ ಪ್ರಯೋಗದಲ್ಲಿ ನಿದ್ರೆಗೆ ನೆರವಾಗುವ ಮೆಲಟೋನಿನ್ ಮಾತ್ರೆಯನ್ನಷ್ಟೇ ಪಡೆದವರು ಬೇಗ ನಿದ್ರೆಗೆ ಜಾರಿದರೂ ಅವರ ಮನಸ್ಸು ಮಾತ್ರ ಮಂಕಾಯಿತು. ಇದು ರೋಗವನ್ನು ತಡೆಯುವ ಚಿಕಿತ್ಸೆಯಲ್ಲ. 2014ರ ಕಾಕ್ರೇನ್ ವಿಮರ್ಶೆಯು, ಲಭ್ಯವಿರುವ ಎಲ್ಲ ಪ್ರಯೋಗಗಳನ್ನೂ ಒಟ್ಟಾಗಿ ನೋಡಿ, ಬೆಳಕಿನ ಚಿಕಿತ್ಸೆಯನ್ನು ಶಿಫಾರಸು ಮಾಡುವಷ್ಟು ಪುರಾವೆಯಿಲ್ಲವೆಂದೇ ಹೇಳಿತ್ತು. ಆದರೂ ಹಗಲನ್ನು ಹಗಲಿನಂತೆ ಇರಿಸುವುದರಿಂದ ನಷ್ಟವೇನೂ ಇಲ್ಲವೆಂಬ ಕಾರಣಕ್ಕೆ ನಾನು ಈ ದಾರಿಯನ್ನೇ ಹಿಡಿದೆ.

ಕೊಡಗಿನಲ್ಲಿ ಹಗಲನ್ನು ಹಗಲಿನಂತೆ ಇರಿಸುವುದು ಕೇಳಿದಷ್ಟು ಸುಲಭವಲ್ಲ. ಯುರೋಪಿನ ಚಳಿಗಾಲದಂತೆ ನಮ್ಮಲ್ಲಿ ಹಗಲು ಕಿರಿದಾಗುವುದಿಲ್ಲ. ಮಳೆಗಾಲದ ನಮ್ಮ ಹಗಲು ಹನ್ನೆರಡೂವರೆ ಗಂಟೆಗೂ ಮಿಕ್ಕಿ ಇರುತ್ತದೆ. ಬೆಳಕನ್ನು ತಡೆಯುವುದು ಮೋಡ, ಮಂಜು, ಮನೆಯ ಸುತ್ತಲಿನ ಸಿಲ್ವರ್ ಓಕ್ ಮತ್ತು ಹಲಸಿನ ನೆರಳು, ತಗ್ಗಿದ ಹೆಂಚಿನ ಸೂರು, ಮತ್ತು ಇರಿಚಲು ಹೊಡೆಯದಂತೆ ಜೂನ್ ಆರಂಭದಲ್ಲಿಯೇ ಜಗಲಿಗೆ ಕಟ್ಟುವ ನೀಲಿ ಟಾರ್ಪಾಲು. ಜುಲೈ-ಆಗಸ್ಟಿನ ಕಕ್ಕಡ ಮಾಸದ ಮಧ್ಯಾಹ್ನ ಮೂರು ಗಂಟೆಗೆ ಅವ್ವ ಕುರ್ಚಿಯಿಂದ ಎದ್ದು "ಕತ್ತಲಾಯಿತು, ಮನೆಗೆ ಹೋಗಬೇಕು" ಎಂದರೆ, ಕಾಯಿಲೆಯ ಮಾತು ಎಂದು ನಾವು ಭಾವಿಸುತ್ತಿದ್ದೆವು. ನಡುಮನೆಯಲ್ಲಿ ಮೊಬೈಲಿನ ಲಕ್ಸ್ ಮಾಪಕವನ್ನು ಹಿಡಿದು ನೋಡಿದಾಗ ನೂರಕ್ಕೂ ಕಡಿಮೆ ತೋರಿಸಿತು. ಆ ಮಾಪಕ ಕರಾರುವಾಕ್ಕಾದ ಉಪಕರಣವಲ್ಲ, ಆದರೂ ಆಕೆ ಹೇಳಿದ್ದರಲ್ಲಿ ಅರ್ಧದಷ್ಟಾದರೂ ನಿಜವಿತ್ತು. ಅದೇ ಹೊತ್ತಿನಲ್ಲಿ ಜಗಲಿಯ ಅಂಚಿಗೆ ಹೋದರೆ, ಸುರಿಯುವ ಮಳೆಯಲ್ಲೂ ಅಂಕಿ ಸಾವಿರವನ್ನು ದಾಟುತ್ತಿತ್ತು. ಕಣ್ಣು ಬಹು ಬೇಗ ಹೊಂದಿಕೊಳ್ಳುವುದರಿಂದ ಈ ಹತ್ತು ಪಟ್ಟು ಅಂತರ ನಮ್ಮ ಅರಿವಿಗೇ ಬರುವುದಿಲ್ಲ.

ಮಾಡಿದ ಬದಲಾವಣೆಗಳಲ್ಲಿ ಯಾವುದೂ ದೊಡ್ಡದಲ್ಲ. ಟಾರ್ಪಾಲಿನ ಬದಲು ಪಾರದರ್ಶಕ ಶೀಟು ಹಾಕಿಸಿದೆವು, ನಡುಮನೆಯ ಮಾಡಿನಲ್ಲಿ ಕೆಲವು ಗಾಜಿನ ಹೆಂಚುಗಳನ್ನು ಇಡಿಸಿದೆವು, ಅವ್ವನ ಬೆಳಗಿನ ಕಾಫಿ ಮತ್ತು ತಿಂಡಿಯನ್ನು ಒಲೆಯ ಬಳಿಯಿಂದ ಜಗಲಿಗೆ ಸ್ಥಳಾಂತರಿಸಿದೆವು. ಇದಕ್ಕೆ ಆಕೆಯ ವಿರೋಧವಿತ್ತು. ಮಳೆಗಾಲದಲ್ಲಿ ಒಲೆಯ ಮುಂದಿನ ಜಾಗವನ್ನು ಯಾರು ತಾನೇ ಬಿಟ್ಟುಕೊಡುತ್ತಾರೆ? ಕಂಬಳಿ ಹೊದಿಸಿ, ಒಡೆಯಲು ಒಂದಿಷ್ಟು ಹಲಸಿನ ಬೀಜ ಮುಂದಿಟ್ಟ ಮೇಲೆ ಕೂರಲು ಒಪ್ಪಿದಳು. ಸಂಜೆ ಕತ್ತಲು ಕವಿಯುವ ಮೊದಲೇ ಎಲ್ಲ ದೀಪಗಳನ್ನು ಹಚ್ಚುತ್ತೇವೆ, ಏಕೆಂದರೆ ಅರೆಬೆಳಕಿನ ನೆರಳುಗಳನ್ನು ಆಕೆ ಮನುಷ್ಯರೆಂದು ತಿಳಿದು ಹೆದರುತ್ತಿದ್ದಳು. ಊಟದ ಅನಂತರ ಒಂದು ಹಳದಿ ದೀಪ ಮಾತ್ರ. ಗಾಳಿಮಳೆಗೆ ಮರ ಬಿದ್ದು ಕರೆಂಟು ದಿನಗಟ್ಟಲೆ ಬಾರದಿದ್ದಾಗ ಈ ವ್ಯವಸ್ಥೆಯ ಸಂಜೆಯ ಪಾಲು ಕೈಕೊಡುತ್ತದೆ, ಯುಪಿಎಸ್ ಎಷ್ಟು ಹೊತ್ತು ತಾನೇ ತಡೆದೀತು. ಹಗಲಿನ ಪಾಲಿಗೆ ಕರೆಂಟಿನ ಹಂಗಿಲ್ಲ.

ಫಲವೇನೆಂದು ಕೇಳಿದರೆ, ರಾತ್ರಿ ಏಳುವುದು ನಿಂತಿಲ್ಲ, ಕಡಿಮೆಯಾಗಿದೆ. ಹೆಸರುಗಳು ಮರಳಿಲ್ಲ. ಜನವರಿ ಫೆಬ್ರವರಿಯಲ್ಲಿ ಕಾಫಿ ಕೊಯ್ಲಿನ ಕಾಲಕ್ಕೆ ಕಣದ ಪಕ್ಕದಲ್ಲಿ ದಿನವಿಡೀ ಕುಳಿತು ಆಳುಗಳ ಮೇಲೆ ಉಸ್ತುವಾರಿ ಮಾಡುವಾಗಲಂತೂ ಆಕೆಯ ನಿದ್ರೆ ನಮ್ಮೆಲ್ಲರದಕ್ಕಿಂತ ಚೆನ್ನಾಗಿರುತ್ತದೆ. ಅದಕ್ಕೆ ಬಿಸಿಲೇ ಕಾರಣವೋ, ಜನರೊಡನೆ ಮಾತು ಮತ್ತು ಕೈಗೆ ಕೆಲಸವಿದ್ದುದು ಕಾರಣವೋ, ಒಬ್ಬರನ್ನೇ ನೋಡಿ ಹೇಳಲಾಗದು. ಎರಡನ್ನೂ ಬೇರ್ಪಡಿಸಿ ಪರೀಕ್ಷಿಸುವ ಇಚ್ಛೆಯೂ ನನಗಿಲ್ಲ.

ಬೆಳಕಿನ ಮಾತು ಬಂದಾಗ ಕಣ್ಣಿನ ಪೊರೆಯನ್ನು ಮರೆಯಬಾರದು. ಪೊರೆಯಿರುವ ಕಣ್ಣಿಗೆ ಎಷ್ಟು ಪ್ರಖರ ದೀಪ ಹಿಡಿದರೂ ಒಳಗೆ ತಲುಪುವುದು ಕಡಿಮೆ. ಅಮೆರಿಕದಲ್ಲಿ 3000ಕ್ಕೂ ಹೆಚ್ಚು ವೃದ್ಧರನ್ನು ಗಮನಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಡಿಮೆನ್ಷಿಯಾ ಬರುವ ಸಂಭವ ಮಾಡಿಸಿಕೊಳ್ಳದವರಿಗಿಂತ ಸುಮಾರು ಶೇ 30ರಷ್ಟು ಕಡಿಮೆಯಿತ್ತು. ಶಸ್ತ್ರಚಿಕಿತ್ಸೆಗೆ ಮುಂದಾಗುವವರು ಮೊದಲೇ ಹೆಚ್ಚು ಆರೋಗ್ಯವಂತರಾಗಿರಬಹುದಾದ್ದರಿಂದ ಇದನ್ನು ನೇರ ಕಾರಣವೆನ್ನಲಾಗದು. ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' ರಚಿಸಿದ ತಜ್ಞರ ಆಯೋಗವು 2024ರಲ್ಲಿ ಚಿಕಿತ್ಸೆಯಿಲ್ಲದ ದೃಷ್ಟಿದೋಷವನ್ನು ಡಿಮೆನ್ಷಿಯಾದ ತಡೆಯಬಹುದಾದ ಅಪಾಯಗಳ ಪಟ್ಟಿಗೆ ಸೇರಿಸಿದೆ. "ಈ ವಯಸ್ಸಿಗೆ ಕಣ್ಣಿನ ಆಪರೇಷನ್ ಯಾಕೆ" ಎಂದು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮುಂದೂಡುತ್ತಾರೆ. ದೀಪಕ್ಕೆ ಕೊಡುವ ಹಣ ಇದ್ದರೆ ಅದನ್ನು ಮೊದಲು ಇಲ್ಲಿಗೆ ಖರ್ಚು ಮಾಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಕ್ಷಿಪಟಲದ ಕಾಯಿಲೆ ಇರುವವರು ಮಾತ್ರ ಹತ್ತು ಸಾವಿರ ಲಕ್ಸ್‌ನಂತಹ ಪ್ರಖರ ದೀಪಗಳನ್ನು ಬಳಸುವ ಮುನ್ನ ಕಣ್ಣಿನ ವೈದ್ಯರನ್ನು ಕೇಳಲೇಬೇಕು.

ತಮ್ಮನ ಮಗನಿಗೆ ನಾನು ಶಾಶ್ವತವಾಗಿ ಬೇಡವೆಂದು ಹೇಳಿಲ್ಲ. ದೊಡ್ಡ ಪ್ರಯೋಗದ ಪೂರ್ಣ ವರದಿಯನ್ನು ಓದುವಾಗ ನಾನು ಮೊದಲು ನೋಡುವುದು ಎರಡು ಸಂಗತಿಗಳನ್ನು. ಮಿನುಗುವ ಬೆಳಕು ಕಣ್ಣಿಗೆ ಕಾಣುವಂಥದ್ದಾದ್ದರಿಂದ, ತಮಗೆ ಸಿಕ್ಕಿರುವುದು ನಿಜವಾದ ಚಿಕಿತ್ಸೆಯೋ ಹುಸಿಯೋ ಎಂಬುದನ್ನು ರೋಗಿಗಳೂ ಅವರ ಮನೆಯವರೂ ಊಹಿಸಿಬಿಟ್ಟಿದ್ದರೇ ಎಂಬುದು ಮೊದಲನೆಯದು. ದಿನನಿತ್ಯದ ಸಾಮರ್ಥ್ಯದ ಅಂಕಗಳನ್ನು ಹೇಳುವವರು ಆ ಮನೆಯವರೇ ಆದ್ದರಿಂದ ಇದು ಮುಖ್ಯ. ಒಂದು ವರ್ಷದ ಕೊನೆಯಲ್ಲಿ ಕಂಡ ವ್ಯತ್ಯಾಸವು ತಾನೇ ಬಟ್ಟೆ ಹಾಕಿಕೊಳ್ಳುವುದು, ತಾನೇ ಉಣ್ಣುವುದು ಎಂಬ ಮಟ್ಟದ್ದೋ, ಅಥವಾ ಸ್ಕ್ಯಾನಿನಲ್ಲಿ ಮಾತ್ರ ಕಾಣುವಂಥದ್ದೋ ಎಂಬುದು ಎರಡನೆಯದು. ಎರಡಕ್ಕೂ ತೃಪ್ತಿಕರ ಉತ್ತರ ಸಿಕ್ಕಿ, ಅವ್ವನನ್ನು ನೋಡುತ್ತಿರುವ ವೈದ್ಯರೂ ಒಪ್ಪಿದರೆ, ಆ ಸಾಧನಕ್ಕೆ ಹಣ ಹೊಂದಿಸುವ ಜವಾಬ್ದಾರಿಯನ್ನು ಅವನಿಗೇ ಬಿಡುವುದೆಂದು ನಾವಿಬ್ಬರೂ ಒಪ್ಪಿಕೊಂಡಿದ್ದೇವೆ.